50 ಸಾವಿರದ ಗಾಲ್ಫ್ ಕೋಲು, ನೂರೆಂಟು ಮಾತು

ಗಾಲ್ಫ್ ನಮ್ಮೂರಿನ ಆಟ ಅಲ್ಲ, ಒಪ್ಪಿಕೊಳ್ಳೋಣ. ಆದರೆ ಬಿಡದಿ, ದೇವನಹಳ್ಳಿ ಕಡೆಯ ಓದುಗರಿಗೆ ಅದು ತೀರಾ ಹೊಸದೂ ಅಲ್ಲ. ಆ ಮೈದಾನಗಳಲ್ಲಿ ಹುಲ್ಲು ಕತ್ತರಿಸುವವರು, ನೀರು ಬಿಡುವವರು, ಆಟಗಾರರ ಬ್ಯಾಗ್ ಹೊರುವವರಲ್ಲಿ ಸುತ್ತಲ ಹಳ್ಳಿಯವರೂ ಇದ್ದಾರೆ. ಹಾಗಾಗಿ ಈ ಸಲ ಒಂದು ಗಾಲ್ಫ್ ಕೋಲಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಕೊಂಡವರು ಆಡುವ ಮಾತಿನ ಬಗ್ಗೆ ಬರೆಯುತ್ತಿದ್ದೇವೆ.

ಕೋಲಿನ ಹೆಸರು ಪಟ್ಟರ್. ದೂರಕ್ಕೆ ಬೀಸಿ ಹೊಡೆಯುವ ಕೋಲುಗಳು ಬೇರೆ ಇವೆ. ಚೆಂಡು ನುಣ್ಣಗೆ ಕತ್ತರಿಸಿದ ಹುಲ್ಲಿನ 'ಗ್ರೀನ್' ಮೇಲೆ ಬಂದ ನಂತರ ಅದನ್ನು ಉರುಳಿಸಿ ಗುಳಿಗೆ ಹಾಕಲು ಇದು ಬೇಕು. ಗುಳಿಯ ಅಗಲ 108 ಮಿಲಿಮೀಟರ್. ಆಡುವವನು ಬಡವನಿರಲಿ, ಕೋಟ್ಯಧಿಪತಿ ಇರಲಿ, ಗುಳಿ ಅಷ್ಟೇ ಅಗಲ.

2025ರ ಜೂನ್‌ನಲ್ಲಿ ಅಮೆರಿಕದ ಓಕ್‌ಮಾಂಟ್‌ನಲ್ಲಿ ಯುಎಸ್ ಓಪನ್ ಪಂದ್ಯ. ಕೊನೆಯ ಗುಳಿಯಲ್ಲಿ ಜೆ.ಜೆ. ಸ್ಪಾನ್ ಎಂಬ ಆಟಗಾರ 64 ಅಡಿ ದೂರದಿಂದ ಚೆಂಡು ಉರುಳಿಸಿದರು. ಅದು ಸೊಟ್ಟ ದಾರಿ ಹಿಡಿದು ಬಂದು ನೇರ ಗುಳಿಗೆ ಬಿತ್ತು. (ಎರಡು ಹೊಡೆತ ತೆಗೆದುಕೊಂಡಿದ್ದರೂ ಗೆಲ್ಲುತ್ತಿದ್ದರು. ಆ ವಿಡಿಯೋ ನೋಡಿದವರಿಗೆ ಅದು ನೆನಪಿರುವುದಿಲ್ಲ ಬಿಡಿ.) ಅವರ ಕೈಯಲ್ಲಿದ್ದದ್ದು ಆರೆಗಾನ್ ರಾಜ್ಯದ ಲ್ಯಾಬ್ ಗಾಲ್ಫ್ ಎಂಬ ಸಣ್ಣ ಕಂಪನಿಯ ಡಿಎಫ್3 ಪಟ್ಟರ್. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದಕ್ಕೆ ಆಗ 450 ಡಾಲರ್ ಆಸುಪಾಸು ಇತ್ತು. ಅಳತೆ ಕೊಟ್ಟು ಮಾಡಿಸಿದರೆ 600 ಡಾಲರ್, ಅಂದರೆ ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 50 ಸಾವಿರ ರೂಪಾಯಿ. ಆ ಹೊತ್ತಿಗಾಗಲೇ ಒಡಿಸ್ಸಿ, ಟೇಲರ್‌ಮೇಡ್‌ನಂಥ ದೊಡ್ಡ ಕಂಪನಿಗಳೂ ಇದೇ ಬಗೆಯ ಪಟ್ಟರ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿದ್ದವು. ಎಲ್ಲರ ಬಾಯಲ್ಲೂ ಒಂದೇ ಮಾತು, 'ಝೀರೋ ಟಾರ್ಕ್'.

ಇದೇನು ಅಂತ ತಿಳಿಯಲು ಗುದ್ದಲಿ ಸಾಕು. ಗುದ್ದಲಿಯ ಕಾವನ್ನು ಅಡ್ಡ ಮಾಡಿ ಸಡಿಲವಾಗಿ ಹಿಡಿಯಿರಿ. ತಲೆ ತಾನಾಗಿ ತಿರುಗಿ ಅಲಗು ಕೆಳಗಾಗುತ್ತದೆ. ಭಾರ ಎಲ್ಲ ಕಾವಿನ ಒಂದೇ ಬದಿಗಿರುವುದರಿಂದ ಹಾಗಾಗುತ್ತದೆ. ಹಳೆಯ ಮಾದರಿಯ ಪಟ್ಟರ್‌ನಲ್ಲೂ ಹೀಗೆ ತಲೆ ತಿರುಗುವ ಗುಣ ಸ್ವಲ್ಪ ಇದೆ. ಆಡುವವರು ಕೈಯಿಂದ ಅದನ್ನು ತಡೆಯುತ್ತಿರಬೇಕು. ಹೊಸ ಪಟ್ಟರ್‌ನಲ್ಲಿ ಕೋಲು ತಲೆಯನ್ನು ಸೇರುವ ಜಾಗ, ಓರೆ, ಭಾರ ಮೂರನ್ನೂ ಹೊಂದಿಸಿ ಆ ತಿರುಗುವಿಕೆಯನ್ನು ಇಲ್ಲವಾಗಿಸಿದ್ದಾರೆ. ಇಷ್ಟರಲ್ಲಿ ಮೋಸ ಇಲ್ಲ. ಕೈಯಲ್ಲಿ ಹಿಡಿದರೆ ಗೊತ್ತಾಗುವ ವ್ಯತ್ಯಾಸ ಅದು.

ನಮ್ಮ ತಕರಾರು ಆಮೇಲಿನ ಮಾತಿನ ಬಗ್ಗೆ.

ಹೊಸ ಪಟ್ಟರ್ ಬಂದಾಗ ಗಾಲ್ಫ್ ಆಡುವವರು ಮೊದಲು ಆಡುವುದು ರೂಪದ ಮಾತು. ಡಿಎಫ್3 ನೋಡಿ ಮೂಗು ಮುರಿದವರು ಕಮ್ಮಿ ಇಲ್ಲ. ಪಟ್ಟರ್ ಹಾಗಿರಲಿ, ಇಸ್ತ್ರಿ ಪೆಟ್ಟಿಗೆಯ ಹಾಗೂ ಕಾಣುವುದಿಲ್ಲ. ಆಮೇಲೆ 'ಫೀಲ್' ಮಾತು. ಒಬ್ಬರಿಗೆ ಮೆತ್ತಗೆ, ಒಬ್ಬರಿಗೆ ಗಟ್ಟಿ, ಇನ್ನೊಬ್ಬರಿಗೆ ಜೀವವೇ ಇಲ್ಲ. ಕೋಲು ಒಂದೇ. ನಮ್ಮ ಅನುಮಾನ ಏನೆಂದರೆ, ಈ ಫೀಲ್‌ನಲ್ಲಿ ಅರ್ಧದಷ್ಟು ಕೈಯದ್ದಲ್ಲ, ಕಿವಿಯದ್ದು. ಟಣ್ ಅಂದರೆ ಗಟ್ಟಿ, ಟಪ್ ಅಂದರೆ ಮೆತ್ತಗೆ.

ರೂಪ, ಸದ್ದು ಎರಡಕ್ಕೂ ಹಳೆಯ ಕತೆ ಒಂದಿದೆ. ಕಾರ್ಸ್ಟನ್ ಸೋಲ್‌ಹೈಮ್ ಎಂಬ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್‌ಗೆ ಪಟ್ಟಿಂಗ್ ಕೈಹತ್ತುತ್ತಿರಲಿಲ್ಲ. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತಾನೇ ಒಂದು ಪಟ್ಟರ್ ಮಾಡಿದರು. ತಲೆಯ ಎರಡೂ ತುದಿಗೆ ಭಾರ ಹಾಕಿದ್ದರು. ಚೆಂಡಿಗೆ ತಾಗಿದರೆ 'ಪಿಂಗ್' ಅಂತ ಸದ್ದು. ಕಂಪನಿಗೂ ಅದೇ ಹೆಸರಾಯಿತು. 1966ರಲ್ಲಿ ಗ್ರಾಮಾಫೋನ್ ತಟ್ಟೆಯ ಕವರ್ ಮೇಲೆ ಗೀಚಿದ ಚಿತ್ರದಿಂದ 'ಆನ್ಸರ್' ಎಂಬ ಪಟ್ಟರ್ ಹುಟ್ಟಿತು. ಆ ವಿಚಿತ್ರ ಆಕಾರವನ್ನು ಇವತ್ತು ಹತ್ತಾರು ಕಂಪನಿಗಳು ನಕಲು ಮಾಡುತ್ತವೆ, ಹಳಬರು ಅದನ್ನೇ 'ಪಟ್ಟರ್ ಅಂದರೆ ಹೀಗಿರಬೇಕು' ಅನ್ನುತ್ತಾರೆ. ಹಾಗಾಗಿ ನೋಡಲು ಚೆನ್ನಾಗಿಲ್ಲ ಎಂಬ ಮಾತಿಗೆ ನಾವು ಬೆಲೆ ಕೊಡುವುದಿಲ್ಲ. ಕಣ್ಣಿಗೆ ಅಭ್ಯಾಸ ಆಗುವವರೆಗಿನ ಮಾತು ಅದು.

ಮೂರನೆಯದು ದುಡ್ಡು ಕೊಟ್ಟವರ ಮಾತು. ಇಲ್ಲಿ ಹುಷಾರಾಗಿರಬೇಕು. 50 ಸಾವಿರ ಸುರಿದು ತಂದವರು ಎರಡನೇ ದಿನವೇ 'ತಪ್ಪಾಯಿತು' ಅನ್ನುತ್ತಾರೆಯೇ? ಮನೆಯವರ ಮುಂದೆ ಅನ್ನುವುದಂತೂ ಸಾಧ್ಯವಿಲ್ಲ. 'ಅದ್ಭುತ' ಎಂದು ಹೇಳುವಾಗ ಅವರು ಕೋಲಿನ ಗುಣ ಹೇಳುತ್ತಿದ್ದಾರೋ, ತಮ್ಮ ಖರ್ಚನ್ನು ಸಮರ್ಥಿಸಿಕೊಳ್ಳುತ್ತಿದ್ದಾರೋ ಅವರಿಗೇ ಗೊತ್ತಿರುವುದಿಲ್ಲ. ಕಂಪನಿಯಿಂದ ಪುಕ್ಕಟೆ ಪಟ್ಟರ್ ಪಡೆದು ವಿಡಿಯೋ ಮಾಡುವವರ ವಿಷಯ ಇನ್ನೊಂದು ತರಹ. ಹೊಸ ಕೋಲು ಹಿಡಿದ ಮೊದಲ ವಾರ ಎಲ್ಲರೂ ಗಮನ ಕೊಟ್ಟು ಆಡುತ್ತಾರೆ, ಚೆಂಡೂ ಬೀಳುತ್ತದೆ. ಆ ವಾರದಲ್ಲೇ ವಿಡಿಯೋ ಮುಗಿದಿರುತ್ತದೆ.

ಲೆಕ್ಕ ಬೇರೆಯದೇ ಹೇಳುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರೋಡಿ ಅಮೆರಿಕದ ವೃತ್ತಿಪರ ಆಟಗಾರರ ಲಕ್ಷಾಂತರ ಹೊಡೆತಗಳನ್ನು ಲೆಕ್ಕ ಹಾಕಿದ್ದಾರೆ. ಜಗತ್ತಿನ ಆ ಘಟಾನುಘಟಿಗಳು 8 ಅಡಿ ದೂರದಿಂದ ಎರಡರಲ್ಲಿ ಒಂದು ಸಲ ಮಾತ್ರ ಚೆಂಡು ಹಾಕುತ್ತಾರೆ. ಅತ್ಯುತ್ತಮ ಆಟಗಾರರಿಗೂ ಉಳಿದ ವೃತ್ತಿಪರರಿಗೂ ಇರುವ ಅಂತರದಲ್ಲಿ ಪಟ್ಟಿಂಗ್ ಪಾಲು ಶೇಕಡ 15ರಷ್ಟು. ಮಿಕ್ಕದ್ದು ಉಳಿದ ಹೊಡೆತಗಳದ್ದು.

ಬೆನ್ ಕ್ರೆನ್‌ಶಾ ಎಂಬ ಆಟಗಾರನಿಗೆ ಹುಡುಗನಾಗಿದ್ದಾಗ ಅಪ್ಪ 20 ಡಾಲರಿಗೆ ಒಂದು ಪಟ್ಟರ್ ಕೊಡಿಸಿದ್ದರು. ಅದನ್ನೇ ಹಿಡಿದು ಅವರು ಜಗತ್ತಿನ ಅತ್ಯುತ್ತಮ ಪಟ್ಟರ್‌ಗಳಲ್ಲಿ ಒಬ್ಬರು ಅನ್ನಿಸಿಕೊಂಡರು. ಅದೇ ಹೊತ್ತಿಗೆ ಟೈಗರ್ ವುಡ್ಸ್‌ಗೆಂದು ಮಾಡಿದ್ದ, ಅವರು ಪಂದ್ಯದಲ್ಲಿ ಬಳಸದ ಒಂದು ಬದಲಿ ಪಟ್ಟರ್ 2021ರ ಹರಾಜಿನಲ್ಲಿ 3,93,300 ಡಾಲರಿಗೆ ಹೋಯಿತು. ಕೊಂಡವರು ಅದರಲ್ಲಿ ಆಡಲಿಕ್ಕೆ ಕೊಂಡಿರಲಾರರು.

ಹಾಗಂತ ದುಬಾರಿ ಪಟ್ಟರ್ ಎಲ್ಲ ದಂಡ ಎಂದು ನಾವು ಹೇಳುವುದಿಲ್ಲ. ಕೈ ನಡುಗುವವರಿಗೆ, ಚೆಂಡು ಸದಾ ಒಂದೇ ಬದಿಗೆ ಹೋಗುತ್ತಿದ್ದವರಿಗೆ ಹೊಸ ಬಗೆಯದು ನೆರವಾದರೆ ಆಶ್ಚರ್ಯವಿಲ್ಲ. ಅದರಲ್ಲೂ ಎತ್ತರಕ್ಕೆ ತಕ್ಕ ಉದ್ದ, ನಿಲ್ಲುವ ಭಂಗಿಗೆ ತಕ್ಕ ಓರೆ, ಇವೆರಡು ಸರಿಹೋದರೆ ಅರ್ಧ ಕೆಲಸ ಮುಗಿದಂತೆ. ಅಳತೆ ತಪ್ಪಿದ ನೇಗಿಲ ಮೇಣಿ ಹಿಡಿದವರ ಸೊಂಟ ಕೇಳಿ ನೋಡಿ. ಆದರೆ ಈ ಅಳತೆ 50 ಸಾವಿರದ ಕೋಲಿಗೆ ಮಾತ್ರ ಮೀಸಲಾದದ್ದಲ್ಲ. ಹಳೆಯ ಪಟ್ಟರನ್ನೂ ಕತ್ತರಿಸಿ, ಹಿಡಿ ಬದಲಿಸಿ ಸರಿಮಾಡಿಸಬಹುದು. ಅದಕ್ಕೆ ಜಾಹೀರಾತು ಮಾತ್ರ ಇಲ್ಲ.

ನಾವು ನಂಬುವುದು ಒಂದೇ ಬಗೆಯ ಅಭಿಪ್ರಾಯವನ್ನು: ಎಷ್ಟು ತಿಂಗಳು ಆಡಿದೆ, ಎಷ್ಟು ಅಡಿಯಿಂದ, ಮೊದಲು ಹತ್ತಕ್ಕೆ ಎಷ್ಟು ಬೀಳುತ್ತಿತ್ತು, ಈಗ ಎಷ್ಟು. ಹೀಗೆ ಹೇಳುವವರು ವಿರಳ. ಹೇಳಿದವರ ಮಾತು ಸಪ್ಪೆಯಾಗಿರುತ್ತದೆ, ಯಾರೂ ಹಂಚಿಕೊಳ್ಳುವುದಿಲ್ಲ.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕದ ಪೈಪೋಟಿ ತಪ್ಪಿಸಿಕೊಂಡು ನಾಲ್ಕನೆಯವರಾದರು. ದೂರ ಹೊಡೆಯುವುದರಲ್ಲಿ ಅವರು ಹಿಂದೆ, ಅವರನ್ನು ಅಲ್ಲಿಯವರೆಗೆ ತಂದದ್ದು ಪಟ್ಟಿಂಗ್. ಬಿಡದಿ ಹತ್ತಿರದ ಚಿಕ್ಕರಂಗಪ್ಪ ಗಾಲ್ಫ್ ಮೈದಾನದಲ್ಲಿ ಚೆಂಡು ಹೆಕ್ಕುತ್ತಾ ಆಟ ಕಲಿತು ವೃತ್ತಿಪರ ಟೂರ್ನಿಗಳನ್ನು ಗೆದ್ದವರು. ಆ ವಯಸ್ಸಿನಲ್ಲಿ ಅವರ ಮುಂದೆ ಯಾವ ಕಂಪನಿಯ ಪಟ್ಟರ್ ಆರಿಸಲಿ ಎಂಬ ಪ್ರಶ್ನೆ ಇದ್ದಿರಲಾರದು.

ದಿನಾ ಗ್ರೀನ್ ಮೇಲೆ ಓಡಾಡುವ ಕ್ಯಾಡಿಗಳನ್ನು ಯಾವ ಕಂಪನಿಯೂ ಅಭಿಪ್ರಾಯ ಕೇಳುವುದಿಲ್ಲ. ಯಾವ ಇಳಿಜಾರಿನಲ್ಲಿ ಚೆಂಡು ಎಷ್ಟು ಬಾಗುತ್ತದೆ, ಯಾವ ಸಾಹೇಬರು ಹೊಸ ಪಟ್ಟರ್ ತಂದ ಮೇಲೂ ಅದೇ ಮೂರು ಅಡಿಯಲ್ಲಿ ತಪ್ಪುತ್ತಾರೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಇನ್ನಾರು?

ಆ ಕೆಲಸದಲ್ಲಿದ್ದು, ತಾವೂ ಆಡಬೇಕು ಎಂದಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಹೊಸ ಮಾದರಿ ಬಂದಾಗ ಸಾಹೇಬರ ಹಳೆಯ ಪಟ್ಟರ್ ಮೂಲೆ ಸೇರುತ್ತದೆ. ಕೇಳಿ ತೆಗೆದುಕೊಳ್ಳಿ. ಮೂರು ಅಡಿ ದೂರದಲ್ಲಿ, ಪಟ್ಟರ್ ತಲೆ ಮಾತ್ರ ತೂರುವಷ್ಟು ಅಗಲಕ್ಕೆ ಎರಡು ಕಡ್ಡಿ ನೆಟ್ಟು, ಕಡ್ಡಿಗೆ ತಾಗದಂತೆ ನೂರು ಚೆಂಡು ಉರುಳಿಸಿ. ಎಷ್ಟು ಬಿದ್ದವು ಎಂದು ಬರೆದಿಡಿ. ತಿಂಗಳಾದ ಮೇಲೆ ನಮಗೂ ಕಳಿಸಿ, ಇಲ್ಲೇ ಹಾಕುತ್ತೇವೆ.