ಬಿದ್ದವನನ್ನು ಎಬ್ಬಿಸುವ ಮುನ್ನ

‘ಬ್ರೆವೆ’ ಎಂಬ ದೂರದ ಸೈಕಲ್ ಸವಾರಿಯಲ್ಲಿ 200 ಕಿ.ಮೀ. ದಾರಿಯನ್ನು 13.5 ಗಂಟೆಗಳೊಳಗೆ ಕ್ರಮಿಸಬೇಕು. ನಡುವೆ ಒಬ್ಬನು ಬಿದ್ದಾಗ ಸಂಗಡಿಗರು ಗಡಿಯಾರವನ್ನು ಮರೆತು ನಿಲ್ಲುವುದನ್ನು ನಾವು ದೊಡ್ಡ ಸೇವೆಯೆಂದೇ ಭಾವಿಸುತ್ತೇವೆ. ಆದರೆ ವೈದ್ಯರಾಗಿ ನಮ್ಮದೊಂದು ತಕರಾರಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ರಸ್ತೆಗಳಲ್ಲಿಯೂ ಬಿದ್ದವನನ್ನು ಕೂಡಲೇ ಎತ್ತಿ ಕೂಡ್ರಿಸಿ ನೀರು ಕುಡಿಸುವವರೇ ಹೆಚ್ಚು. ಮಾಡುವುದು ಕರುಣೆಯಿಂದಲೇ, ಅಪಾಯವೂ ಅಲ್ಲಿಯೇ. ಸುಶ್ರುತರು ಹೇಳಿದ 107 ಮರ್ಮಗಳಲ್ಲಿ 37 ಕೊರಳಿನಿಂದ ಮೇಲಕ್ಕಿವೆ. ಕತ್ತಿನ ಎಲುಬು ಮುರಿದಿದ್ದರೆ, ಎಳೆದಾಡಿದಾಗ ಕೈಕಾಲುಗಳ ಸ್ವಾಧೀನವೇ ತಪ್ಪಬಹುದು. ಎಚ್ಚರ ತಪ್ಪಿದವನಿಗೆ ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ತಲೆಯ ಮೇಲೆಯೇ ಇರಲಿ. ರಕ್ತ ಸೋರುವಲ್ಲಿ ಶುಭ್ರ ಬಟ್ಟೆಯನ್ನು ಒತ್ತಿ ಹಿಡಿದು, ತಲೆ ಅಲುಗದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಬೇಕು. ಪೊಲೀಸರಿಗೆ ಅಂಜಿ ಸರಿದುಹೋಗುವವರನ್ನೂ ನಾವು ಕಂಡಿದ್ದೇವೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ನೆರವಾದವರಿಗೆ ರಕ್ಷಣೆ ನೀಡಿದೆ. ಹೆಸರು ಹೇಳಿರೆಂದು ಅವರನ್ನು ಬಲವಂತಪಡಿಸುವಂತಿಲ್ಲ.