ಸಾರಿಗೆ ಸಂಶೋಧನೆ ಮತ್ತು ಸ್ಥಳೀಯ ಸಮುದಾಯ: ತುಂಬದ ಕಡಲತೀರದ ಪಾಠ

ವಿಶ್ವವಿದ್ಯಾನಿಲಯಗಳಲ್ಲಿ ನಡೆಯುವ ಸಂಶೋಧನೆಗೂ ಅವುಗಳ ಆವರಣದ ಹೊರಗೆ ಬದುಕುವ ಜನಸಮುದಾಯಕ್ಕೂ ಇರಬೇಕಾದ ಸಂಬಂಧದ ಪ್ರಶ್ನೆ ಹಳೆಯದು. ಸಾಹಿತ್ಯ, ಜಾನಪದ, ಇತಿಹಾಸಗಳ ಸಂದರ್ಭದಲ್ಲಿ ಅದು ಸಾಕಷ್ಟು ಚರ್ಚೆಗೊಳಗಾಗಿದೆ. ಆದರೆ ಜನರ ನಿತ್ಯಜೀವನವನ್ನು ನೇರವಾಗಿ ತಟ್ಟುವ ಸಾರಿಗೆ ಸಂಶೋಧನೆಯ ವಿಷಯದಲ್ಲಿ ಭಾಷಾವಿಭಾಗಗಳು ಈ ಪ್ರಶ್ನೆಯನ್ನು ಅಷ್ಟಾಗಿ ಎತ್ತಿಕೊಂಡಿಲ್ಲ. ರಸ್ತೆ, ಬಸ್ಸು, ದೋಣಿಗಳು ಎಂಜಿನಿಯರರ ವಿಷಯ, ಅಲ್ಲಿ ಭಾಷೆಯ ವಿದ್ಯಾರ್ಥಿಗೆ ಕೆಲಸವಿಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಕೇರಳದ ಕಡಲತೀರದ ನಿದರ್ಶನವೊಂದರಿಂದ ಪರಿಶೀಲಿಸಬಹುದು.

ತಿರುವನಂತಪುರದ ಸಮೀಪದ ತುಂಬ ಮೂಲತಃ ಮೀನುಗಾರರ ಹಳ್ಳಿ. ಮಲಯಾಳದ 'ತುಂಬ', ಕನ್ನಡದ 'ತುಂಬೆ' ಎರಡೂ ಒಂದೇ ಗಿಡದ ಹೆಸರುಗಳು. ಭೂಕಾಂತೀಯ ವಿಷುವದ್ರೇಖೆಗೆ ಹತ್ತಿರವಿದೆಯೆಂಬ ಕಾರಣದಿಂದ ಈ ತೀರವನ್ನು ರಾಕೆಟ್ ಉಡಾವಣೆಗೆ ಆರಿಸಲಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಇಲ್ಲಿಂದ ಮೇಲೇರಿತು. ಆ ದಿನಗಳಲ್ಲಿ ರಾಕೆಟ್ಟಿನ ಬಿಡಿಭಾಗಗಳನ್ನು ಸೈಕಲ್ಲಿನ ಮೇಲಿಟ್ಟು ಸಾಗಿಸಿದ್ದುಂಟು. ಸಂತ ಮೇರಿ ಮಗ್ದಲೀನಳ ಇಗರ್ಜಿ ವಿಜ್ಞಾನಿಗಳ ಕಾರ್ಯಾಲಯವಾಯಿತು. ಇಂದು ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. ವಿಕ್ರಮ ಸಾರಾಭಾಯಿ ಅವರ ಕೋರಿಕೆಯನ್ನು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಭಾನುವಾರದ ಪ್ರಾರ್ಥನೆಗೆ ನೆರೆದಿದ್ದ ಜನರ ಮುಂದಿಟ್ಟು ಅವರ ಸಮ್ಮತಿ ಕೇಳಿದ ಪ್ರಸಂಗವನ್ನು ಅಬ್ದುಲ್ ಕಲಾಂ ಅವರು ಸ್ಮರಿಸಿದ್ದಾರೆ. ಸಮ್ಮತಿಯಿತ್ತ ಜನ ತಮ್ಮ ಮನೆಗಳನ್ನೂ ಪ್ರಾರ್ಥನಾಸ್ಥಳವನ್ನೂ ಬಿಟ್ಟುಕೊಟ್ಟರು. ದೊಡ್ಡ ವಿದ್ಯೆಯೊಂದು ಸಣ್ಣ ಊರಿನ ಮುಂದೆ ನಿಂತು ಅದರದೇ ಭಾಷೆಯಲ್ಲಿ ಕೇಳಿದ ಅಪರೂಪದ ಸಂದರ್ಭವಿದು.

ಆಕಾಶಯಾನಕ್ಕೆ ದೊರೆತ ಈ ಸಂವಾದ ಅದೇ ಕರಾವಳಿಯ ಹೆಂಗಸರ ನೆಲದ ಮೇಲಣ ಪ್ರಯಾಣಕ್ಕೆ ಸುಲಭವಾಗಿ ದೊರೆಯಲಿಲ್ಲ. ಗಂಡಸರು ಕಡಲಿನಿಂದ ತಂದ ಮೀನು ತೀರದಲ್ಲಿಯೇ ಹರಾಜಾಗುತ್ತದೆ. ಅದನ್ನು ಕೊಂಡು, ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಪೇಟೆಗೂ ಮನೆಮನೆಗೂ ಒಯ್ದವರು ಹೆಂಗಸರು. ಮೀನಿನ ವಾಸನೆಯ ಕಾರಣವೊಡ್ಡಿ ಅವರನ್ನು ಬಸ್ಸಿಗೆ ಹತ್ತಿಸಿಕೊಳ್ಳಲು ನಿರಾಕರಿಸುತ್ತಿದ್ದುದು ಸಾಮಾನ್ಯವಾಗಿತ್ತು. ಮಂಜುಗಡ್ಡೆಯಿಲ್ಲದ ಬುಟ್ಟಿಯ ಮೀನು ಬಿಸಿಲೇರಿದಂತೆ ಬೆಲೆ ಕಳೆದುಕೊಳ್ಳುತ್ತದೆ. ಆದುದರಿಂದ ತಪ್ಪಿದ ಒಂದು ಬಸ್ಸೆಂದರೆ ಒಂದು ದಿನದ ಗಳಿಕೆ. 1970ರ ದಶಕದ ಕೊನೆಯ ವರ್ಷಗಳಲ್ಲಿ ತಿರುವನಂತಪುರ ಜಿಲ್ಲೆಯ ಮೀನುಮಾರುವ ಮಹಿಳೆಯರು ಸಂಘಟಿತರಾಗಿ ಪ್ರಯಾಣದ ಹಕ್ಕಿಗಾಗಿ ಹೋರಾಡಿದರು. 1980ರ ದಶಕದ ಆರಂಭದಲ್ಲಿ ಅವರಿಗಾಗಿ ವಿಶೇಷ ಬಸ್ಸುಗಳು ಬಂದವು. ಅದಾಗಿ ಸುಮಾರು ನಾಲ್ಕು ದಶಕಗಳ ಮೇಲೆ, 2021ರಲ್ಲಿ, ಕೇರಳ ಸರ್ಕಾರ ಅದೇ ಜಿಲ್ಲೆಯಲ್ಲಿ 'ಸಮುದ್ರ' ಎಂಬ ಉಚಿತ ಬಸ್ ಸೇವೆಯನ್ನು ಮತ್ತೆ ಆರಂಭಿಸಬೇಕಾಯಿತೆಂಬುದೇ ಸಮಸ್ಯೆ ಎಷ್ಟು ಆಳವಾದುದೆಂಬುದನ್ನು ಹೇಳುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಿರುವನಂತಪುರವು ವಿದ್ಯಾಸಂಸ್ಥೆಗಳ ನಗರ. ಕೇರಳ ವಿಶ್ವವಿದ್ಯಾನಿಲಯದ ಕಾರ್ಯವಟ್ಟಂ ಆವರಣ ತುಂಬಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿದೆ. 1976ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾರಿಗೆ ಯೋಜನಾ ಮತ್ತು ಸಂಶೋಧನಾ ಕೇಂದ್ರವೂ ಇದೇ ನಗರದಲ್ಲಿದೆ. ಯಾವ ಸಂಸ್ಥೆಯನ್ನೂ ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಪ್ರಶ್ನೆಯಿರುವುದು ಅಧ್ಯಯನ ವಿಧಾನದ ಬಗ್ಗೆ. ಸಾರಿಗೆ ಸಮೀಕ್ಷೆ ಸಾಮಾನ್ಯವಾಗಿ ವಾಹನಗಳನ್ನೂ ಪ್ರಯಾಣಿಕರನ್ನೂ ಎಣಿಸುತ್ತದೆ. ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂದು ಕೇಳುತ್ತದೆ. ಹತ್ತಲಾಗದೆ ಉಳಿದವರು ಆ ಎಣಿಕೆಯೊಳಗೆ ಬರುವುದಿಲ್ಲ. ಬುಟ್ಟಿ ಹೊತ್ತು ನಡೆದುಹೋದ ಹೆಂಗಸು ಬಸ್ಸಿನ ಲೆಕ್ಕದಲ್ಲಿ ಇಲ್ಲ. ಲೆಕ್ಕದಲ್ಲಿಲ್ಲದ ಕಾರಣ ಅವಳಿಗೆ ಬಸ್ಸು ಬೇಕಿಲ್ಲವೆಂದೇ ತೀರ್ಮಾನವಾಗುವ ಅಪಾಯವಿದೆ. ಅವಳ ಅಗತ್ಯ ತಿಳಿಯಬೇಕಾದರೆ ಎಣಿಸಿದರೆ ಸಾಲದು, ಅವಳ ಮಾತನ್ನು ಕೇಳಬೇಕು.

ಪ್ರಯಾಣಿಕನ ಹೆಜ್ಜೆಯಿಂದ ಯೋಚನೆ ಆರಂಭವಾದರೆ ಏನಾಗುತ್ತದೆ ಎಂಬುದಕ್ಕೂ ಅದೇ ರಾಜ್ಯದಲ್ಲಿ ಉದಾಹರಣೆಯಿದೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೋ ಹತ್ತು ದ್ವೀಪಗಳನ್ನು 78 ದೋಣಿ ಮತ್ತು 38 ನಿಲ್ದಾಣಗಳ ಮೂಲಕ ಜೋಡಿಸುವ ಯೋಜನೆ. ಅದರ ತೇಲುವ ಜೆಟ್ಟಿಗಳು ಉಬ್ಬರವಿಳಿತಕ್ಕೆ ತಕ್ಕಂತೆ ಏರಿಳಿಯುವುದರಿಂದ ಮುದುಕರೂ ಗಾಲಿಕುರ್ಚಿಯವರೂ ದೋಣಿಗೆ ನೇರವಾಗಿ ದಾಟಬಹುದು. ಆದರೂ ಕೇಳಬೇಕಾದ ಪ್ರಶ್ನೆಗಳು ಮುಗಿಯುವುದಿಲ್ಲ. ಬುಟ್ಟಿಯವಳಿಗೆ ಅಲ್ಲಿ ಜಾಗವುಂಟೆ? ಹಳೆಯ ದೋಣಿಯಲ್ಲಿಯೇ ಉಳಿದವರು ಯಾರು, ಏಕೆ? ಇವುಗಳಿಗೆ ಉತ್ತರ ದೊರೆಯುವುದು ಕಡವಿನಲ್ಲಿ ನಿಂತವರ ಬಾಯಿಂದ. 'ಕಡವು' ಎಂಬ ಮಾತು ಮಲಯಾಳಕ್ಕೂ ಕರಾವಳಿಯ ಕನ್ನಡಕ್ಕೂ ಸಮಾನವಾದುದು. ಅದು ಹೊಳೆ ದಾಟುವ ಜಾಗ ಮಾತ್ರವಲ್ಲ. ಕಾಯುವ, ಸುದ್ದಿ ಕೇಳುವ, ವ್ಯಾಪಾರ ಕುದುರಿಸುವ ಜಾಗವೂ ಹೌದು. ಇದನ್ನು ಅರಿಯದವನ ನಕ್ಷೆಯಲ್ಲಿ ಕಡವು ಒಂದು ಬಿಂದುವಷ್ಟೆ.

ಕನ್ನಡಿಗರಿಗೆ ಈ ಮಾತು ಪರಕೀಯವಾಗಬೇಕಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರಾಜಧಾನಿ ಐನೂರು ಕಿಲೋಮೀಟರಿಗೂ ಮಿಗಿಲಾದ ದೂರಕ್ಕೆ ಹೋಯಿತು. ಆಸ್ಪತ್ರೆ, ವ್ಯಾಪಾರ, ನಂಟಸ್ತಿಕೆಗಳ ದಾರಿ ಮಾತ್ರ ಸುಮಾರು ಐವತ್ತು ಕಿಲೋಮೀಟರು ದೂರದ ಮಂಗಳೂರಿಗೇ ಉಳಿಯಿತು. 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಭಯದಿಂದ ಗಡಿಯ ರಸ್ತೆಗಳು ಮುಚ್ಚಿದಾಗ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ಚಿಕಿತ್ಸೆ ದೊರೆಯದೆ ಸಾವುಗಳೂ ಸಂಭವಿಸಿದವು. ಪ್ರಕರಣ ಕೇರಳ ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿದ ಮೇಲಷ್ಟೇ ರೋಗಿಗಳ ವಾಹನಗಳಿಗೆ ದಾರಿ ದೊರೆಯಿತು. ಆಡಳಿತದ ನಕ್ಷೆ ಬೇರೆ, ಜನರ ದಾರಿ ಬೇರೆ ಎಂಬ ಸತ್ಯವನ್ನು ಗಡಿನಾಡಿನ ಯಾವ ಅಜ್ಜಿಯೂ ಹೇಳಬಲ್ಲವಳಾಗಿದ್ದಳು. ಅವಳನ್ನು ಮೊದಲೇ ಕೇಳಿ ದಾಖಲಿಸುವುದು ವಿದ್ವತ್ತಿನ ಹೊಣೆಯಾಗಿತ್ತು.

ಈ ಹೊಣೆಯಲ್ಲಿ ಕನ್ನಡ ವಿಭಾಗಗಳ ಪಾಲು ಸಣ್ಣದಲ್ಲ. ಜಾನಪದ ಸಂಗ್ರಹ, ಉಪಭಾಷೆಗಳ ಅಧ್ಯಯನ, ಸ್ಥಳನಾಮ ಸಂಶೋಧನೆಗಳ ಮೂಲಕ ಅವು ಹಳ್ಳಿಯ ಜಗಲಿಯಲ್ಲಿ ಕುಳಿತು ಕೇಳುವ ಶಿಸ್ತನ್ನು ರೂಢಿಸಿಕೊಂಡಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಿಂದ ಸಾರಿಗೆ ಅಧ್ಯಯನಕ್ಕೆಂದೇ ಕೇಂದ್ರವೊಂದಿದೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಈ ಅಧ್ಯಯನ ನಡೆದಿದೆ. ಇಂಥ ಕಡೆಗಳಲ್ಲಿ ಪ್ರಶ್ನಾವಳಿ ಸಿದ್ಧವಾಗುವ ಮೊದಲೇ ಕನ್ನಡದ ವಿದ್ಯಾರ್ಥಿ ಜೊತೆಗಿರಬೇಕು. ಇಂಗ್ಲಿಷಿನಲ್ಲಿ ರೂಪುಗೊಂಡ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿಕೊಡುವವನಾಗಿ ಮಾತ್ರವಲ್ಲ, ಯಾವ ಪ್ರಶ್ನೆ ಕೇಳಬೇಕೆಂದು ತಿಳಿಸುವವನಾಗಿ. ಅಂತೆಯೇ ಅಧ್ಯಯನದ ಫಲಿತಾಂಶ ಗ್ರಂಥಾಲಯದ ಕಪಾಟಿನಲ್ಲಿ ಕೊನೆಗೊಳ್ಳದೆ, ಗ್ರಾಮಸಭೆಯಲ್ಲಿ ಓದಿ ಹೇಳಬಲ್ಲ ಕನ್ನಡದಲ್ಲಿ ಹಿಂದಿರುಗಿ ಬರಬೇಕು. ತಪ್ಪಿದ್ದರೆ ತಿದ್ದುವ ಅವಕಾಶ ಅಲ್ಲಿನ ಜನರಿಗಿರಬೇಕು.

ಮಾತಿನಿಂದ ಸೇತುವೆ ಕಟ್ಟಲಾಗದು, ಅದಕ್ಕೆ ಗಣಿತ ಬೇಕು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಸೇತುವೆ ಎಲ್ಲಿ ಬೇಕು, ಯಾರಿಗೆ ಬೇಕು ಎಂಬುದನ್ನು ಗಣಿತವೊಂದೇ ಹೇಳಲಾರದು. ತುಂಬದ ಜನ ವಿಜ್ಞಾನಕ್ಕೆ ತಮ್ಮ ಇಗರ್ಜಿಯನ್ನೇ ಬಿಟ್ಟುಕೊಟ್ಟರು. ಅಂಥ ಜನರ ದಿನದ ದಾರಿಯನ್ನು ಅವರ ಮಾತಿನಲ್ಲಿಯೇ ಅರಿತು ಸುಗಮಗೊಳಿಸುವ ಕೆಲಸಕ್ಕೆ ವಿಶ್ವವಿದ್ಯಾನಿಲಯಗಳ ಎಲ್ಲ ವಿಭಾಗಗಳೂ ಕೈಜೋಡಿಸುವುದು ಆ ಋಣದ ಒಂದಂಶವನ್ನಾದರೂ ತೀರಿಸಿದಂತೆ.