ಐದು ತಿಂಗಳ ಗಡುವು

ಹೊಟೇಲಿನ ಗಲ್ಲಾದಲ್ಲಿ ಕುಳಿತವನ ಮಗನೂ, ಕಚೇರಿಯ ಗುಮಾಸ್ತನ ಮಗಳೂ ಇಂದು ಅಮೇರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವರು. 2024-25ನೆಯ ಸಾಲಿನಲ್ಲಿ, ಓದು ಮುಗಿಸಿ ತರಬೇತಿಯಲ್ಲಿರುವವರನ್ನೂ ಸೇರಿಸಿ, ಆ ದೇಶದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,63,019. ಬೇರಾವ ದೇಶದಿಂದಲೂ ಅಷ್ಟು ಮಂದಿ ಅಲ್ಲಿಗೆ ಹೋಗಿರಲಿಲ್ಲ. ಊರಿನ ಗದ್ದೆಯನ್ನೋ ಇಲ್ಲಿಯ ಖೋಲಿಯನ್ನೋ ಅಡವಿಟ್ಟು ಮಕ್ಕಳನ್ನು ಕಳುಹಿಸಿದವರು ನಮ್ಮವರಲ್ಲಿಯೂ ಇದ್ದಾರೆ. ಹಾರ ಹಾಕಿ ಬೀಳ್ಕೊಡುವ ಸಮಾರಂಭಗಳ ವರದಿ ಪತ್ರಿಕೆಗಳಲ್ಲಿ ಬರುವುದು. ಅಲ್ಲಿ ಹೋಗಿ ಕಾನೂನಿನ ಕಣ್ಣಿಗೆ ತಪ್ಪಿತಸ್ಥನಾಗಿ, ಮನೆಗೂ ತಿಳಿಸಲಾರದೆ ಕುಳಿತ ಹುಡುಗನ ವಿಷಯವನ್ನು ಯಾರೂ ಬರೆಯುವುದಿಲ್ಲ. ಅವನ ಕುರಿತು ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರುತ್ತದೆ.

ಹಗಲೆಲ್ಲ ಕಪ್ಪುಬಸಿ ತೊಳೆದು, ರಾತ್ರಿ ಶಾಲೆಯ ಮಂದ ದೀಪದಲ್ಲಿ ಓದಿ, ಮೆಟ್ರಿಕ್ ಮುಗಿಸಿ ಮೇಲೆ ಬಂದವರ ಪರಂಪರೆ ನಮ್ಮದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಬೆಳೆದದ್ದೇ ಹೊಟೇಲು ಮಾಣಿಗಳಂತಹ ದುಡಿಯುವ ಹುಡುಗರಿಂದ. ದುಡಿದು ಓದುವುದು ನಮ್ಮಲ್ಲಿ ಹೆಮ್ಮೆಯ ಮಾತು. ಆದರೆ ಎಫ್-1 ವೀಸಾದ ಮೇಲೆ ಹೋದ ವಿದ್ಯಾರ್ಥಿಗೆ ಈ ಸದ್ಗುಣವೇ ಮುಳುವಾಗಬಲ್ಲದು. ಪಾಠಗಳು ನಡೆಯುತ್ತಿರುವಾಗ ವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ಗಂಟೆ ಅವನು ದುಡಿಯಬಹುದು. ಆವರಣದ ಹೊರಗೆ, ಅನುಮತಿಯಿಲ್ಲದೆ, ಒಂದು ಗಂಟೆಯೂ ಕೂಡದು. ಪರಿಚಯದ ಇಂಡಿಯನ್ ರೆಸ್ಟೊರೆಂಟಿನ ಅಡಿಗೆ ಮನೆಯಲ್ಲಿ ನಗದು ಕೂಲಿಗೆ ಪಾತ್ರೆ ತಿಕ್ಕಿದರೂ ಅದು ಉಲ್ಲಂಘನೆಯೇ. "ಒಂದಷ್ಟು ದುಡಿದು ಕಳಿಸಪ್ಪ, ಬ್ಯಾಂಕಿನ ಕಂತು ಬಂದಿದೆ" ಎಂದು ಇಲ್ಲಿಂದ ಫೋನಿನಲ್ಲಿ ಹೇಳುವ ತಂದೆಗೆ ಇದು ತಿಳಿದಿರಬೇಕು.

ಎಲ್ಲರೂ ಹೀಗೆ ದುಡಿದೇ ಕೆಡುವರೆಂದಲ್ಲ. ಪದವಿ ತರಗತಿಯವನು ಒಂದು ಅವಧಿಯಲ್ಲಿ ಕನಿಷ್ಠ 12 ಕ್ರೆಡಿಟ್‌ಗಳಷ್ಟು ಪಾಠಗಳನ್ನು ತೆಗೆದುಕೊಳ್ಳಬೇಕು. ಕಾಯಿಲೆ ಬಿದ್ದು ಒಂದು ವಿಷಯವನ್ನು ಕೈಬಿಟ್ಟರೆ, ಅದಕ್ಕೆ ಮುಂಚಿತವಾಗಿಯೇ ವಿದ್ಯಾಲಯದ ನಿಯುಕ್ತ ಅಧಿಕಾರಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಲು ಮರೆತವನೂ, ಐ-20 ಪತ್ರದ ಅವಧಿ ಮುಗಿದುದನ್ನು ಗಮನಿಸದವನೂ ವಿದ್ಯಾರ್ಥಿ ಎಂಬ ಸ್ಥಾನವನ್ನು ಕಳೆದುಕೊಳ್ಳುತ್ತಾರೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಚೀಟಿಗೆ ಇನ್ನೂ ಮೂರು ವರ್ಷ ಅವಧಿಯಿದ್ದರೂ ಇದು ಸಂಭವಿಸುವುದು. ವೀಸಾ ಬಾಗಿಲು ತೆರೆಯುವ ಕೀಲಿಯೇ ಹೊರತು, ಒಳಗೆ ಉಳಿಯುವ ಹಕ್ಕಲ್ಲ. ನಮ್ಮವರಲ್ಲಿ ಬಹಳ ಮಂದಿ ತಪ್ಪು ತಿಳಿದಿರುವುದು ಇಲ್ಲಿಯೇ.

ಹೀಗೆ ಕಳೆದ ಸ್ಥಾನವನ್ನು ಮರಳಿ ಪಡೆಯಲು ಆ ದೇಶದ ಕಾನೂನು ಒಂದು ದಾರಿಯನ್ನಿಟ್ಟಿದೆ. ವಿದ್ಯಾರ್ಥಿಯು ಮೊದಲು ತನ್ನ ವಿದ್ಯಾಲಯದ ಅಧಿಕಾರಿಯ ಬಳಿಗೆ ಹೋಗಬೇಕು. ಅವರು ಶಿಫಾರಸು ಮಾಡಿ ಹೊಸ ಐ-20 ಪತ್ರ ಕೊಟ್ಟರೆ, ಐ-539 ಎಂಬ ನಮೂನೆಯಲ್ಲಿ ವಲಸೆ ಇಲಾಖೆಗೆ ಅರ್ಜಿ ಸಲ್ಲಿಸಬೇಕು. ಸ್ಥಾನ ತಪ್ಪಿ 5 ತಿಂಗಳು ಮೀರಿರಬಾರದು. ಮೀರಿದ್ದರೆ, ತಡಕ್ಕೆ ಅಸಾಧಾರಣ ಕಾರಣವಿತ್ತೆಂದೂ, ಆ ಕಾರಣ ನೀಗಿದೊಡನೆ ಅರ್ಜಿ ಹಾಕಿದೆನೆಂದೂ ತೋರಿಸಬೇಕು. ಪದೇ ಪದೇ ಅಥವಾ ಬೇಕೆಂದೇ ನಿಯಮ ಮುರಿದವನಾಗಿರಬಾರದು. ಪೂರ್ಣ ಪ್ರಮಾಣದ ಓದನ್ನು ಮುಂದುವರಿಸುವವನಾಗಿರಬೇಕು. ತಪ್ಪು ತನ್ನ ಕೈಮೀರಿದ ಕಾರಣದಿಂದ ಆದದ್ದಾಗಿರಬೇಕು: ಕಠಿಣ ಕಾಯಿಲೆ, ಅಪಘಾತ, ಶಾಲೆ ಮುಚ್ಚಿದ್ದು, ನೈಸರ್ಗಿಕ ವಿಪತ್ತು, ಅಥವಾ ವಿದ್ಯಾಲಯದ ಅಧಿಕಾರಿಯದೇ ಅಜಾಗರೂಕತೆ. ಪಾಠಗಳ ಸಂಖ್ಯೆ ಕಡಿಮೆಯಾದದ್ದೇ ತಪ್ಪಾಗಿದ್ದರೆ, ಮೊದಲೇ ಕೇಳಿದ್ದಲ್ಲಿ ಅಧಿಕಾರಿ ಅದಕ್ಕೆ ಅನುಮತಿ ಕೊಡಬಹುದಿತ್ತು, ಈಗ ಸ್ಥಾನ ಮರಳದಿದ್ದರೆ ತನಗೆ ವಿಪರೀತ ಕಷ್ಟವಾಗುವುದು ಎಂದು ತೋರಿಸಿದರೆ ಸಾಕು. ತೀರ್ಪು ಬರಲು ತಿಂಗಳುಗಟ್ಟಲೆ ಹಿಡಿಯುವುದು. ಅದುವರೆಗೆ ಓದಬಹುದು, ದುಡಿಯುವಂತಿಲ್ಲ. ನಿರಾಕರಿಸಿದರೆ ಮೇಲ್ಮನವಿಯೂ ಇಲ್ಲ. ಆ ದಿನದಿಂದಾಚೆಗೆ ಅಲ್ಲಿ ಉಳಿದ ಒಂದೊಂದು ದಿನವೂ ಅಕ್ರಮವಾಸದ ಲೆಕ್ಕಕ್ಕೆ ಸೇರುವುದು. 180 ದಿನ ದಾಟಿ ಹೊರಟವನಿಗೆ 3 ವರ್ಷ, ಒಂದು ವರ್ಷ ತುಂಬಿದ ಮೇಲೆ ಹೊರಟವನಿಗೆ 10 ವರ್ಷ ಆ ದೇಶದ ಬಾಗಿಲು ಮುಚ್ಚುವುದು.

ಎಲ್ಲಕ್ಕಿಂತ ಕಠಿಣವಾದ ಷರತ್ತು ಮತ್ತೊಂದಿದೆ. ಅನುಮತಿಯಿಲ್ಲದೆ ದುಡಿದವನಿಗೆ ಈ ದಾರಿಯೇ ಇಲ್ಲ. ಕಾಯಿಲೆಗೆ ಕನಿಕರವುಂಟು, ಅಧಿಕಾರಿಯ ಮರೆವಿಗೆ ಕ್ಷಮೆಯುಂಟು. ಹೊಟ್ಟೆಪಾಡಿಗೆ ತಟ್ಟೆ ತೊಳೆದವನಿಗೆ ಎರಡೂ ಇಲ್ಲ. ಇದು ನಿಷ್ಕರುಣೆಯೆಂದೇ ನಮ್ಮ ಅಭಿಪ್ರಾಯ. ಆದರೆ ಕಾನೂನು ನಮ್ಮ ಅಭಿಪ್ರಾಯವನ್ನು ಕೇಳುವುದಿಲ್ಲವಾದ್ದರಿಂದ, ಅದರೊಳಗೇ ಇರುವ ಇನ್ನೊಂದು ಬಾಗಿಲನ್ನು ತೋರಿಸುವುದು ಲೇಸು. ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿದ ವಿದ್ಯಾರ್ಥಿಗೆ, ತಾನು ಮುಂಗಾಣದ ಆರ್ಥಿಕ ಸಂಕಷ್ಟ ಬಂದೊದಗಿದರೆ, ಆವರಣದ ಹೊರಗೂ ದುಡಿಯಲು ವಲಸೆ ಇಲಾಖೆಯ ಅನುಮತಿ ಕೇಳುವ ಅವಕಾಶವಿದೆ. ರೂಪಾಯಿಯ ಬೆಲೆ ಕುಸಿದದ್ದು, ಆಸ್ಪತ್ರೆಯ ಖರ್ಚು, ಹಣ ಕಳಿಸುತ್ತಿದ್ದವರ ಸ್ಥಿತಿ ಹಠಾತ್ತನೆ ಕೆಟ್ಟದ್ದು ಇವೆಲ್ಲ ಅದಕ್ಕೆ ಕಾರಣಗಳಾಗಬಲ್ಲವು. ಇಲ್ಲಿ ತಂದೆಯ ಹೊಟೇಲು ಮುಚ್ಚಿತೆಂದಾದರೆ, ಆ ಸುದ್ದಿಯನ್ನು ಮಗನಿಂದ ಮರೆಮಾಚುವುದು ಪ್ರೀತಿಯಲ್ಲ; ಅದರ ಕಾಗದಪತ್ರಗಳನ್ನು ಅವನಿಗೆ ಕಳಿಸಿಕೊಡುವುದು ಪ್ರೀತಿ.

ದೇಶ ಬಿಟ್ಟು ಬಂದು, ಹೊಸ ಐ-20 ಪತ್ರ ಹಿಡಿದು ಮತ್ತೆ ಹೋಗುವ ದಾರಿಯೂ ಉಂಟು. ಸೆವಿಸ್ ಶುಲ್ಕ 350 ಡಾಲರನ್ನು ಮತ್ತೊಮ್ಮೆ ತೆರಬೇಕು; ಹೊರಗಿನ ತರಬೇತಿಗೆ ಬೇಕಾದ ಒಂದು ವರ್ಷದ ಲೆಕ್ಕವೂ ಹೊಸದಾಗಿ ಆರಂಭವಾಗುವುದು. ವೀಸಾ ಮತ್ತೆ ಬೇಕಾದರೆ ಮುಂಬಯಿಯದೋ ಚೆನ್ನೈಯದೋ ಕಾನ್ಸಲ್ ಕಚೇರಿಯಲ್ಲಿ ಹಿಂದಿನ ತಪ್ಪಿಗೆ ಉತ್ತರ ಹೇಳಬೇಕು. ಅಲ್ಲಿ ನಕಲಿ ವೈದ್ಯಪತ್ರವನ್ನೋ ಹೆಣೆದ ಕಥೆಯನ್ನೋ ಮುಂದಿಟ್ಟವನು ಸಿಕ್ಕಿಬಿದ್ದರೆ, ಆಮೇಲಿನ ಬಹಿಷ್ಕಾರಕ್ಕೆ ವರ್ಷಗಳ ಮಿತಿಯಿಲ್ಲ.

"ಚಿಂತೆ ಬೇಡ, ಹೆಸರಿಗೆ ಬೇರೊಂದು ಕಾಲೇಜು ಸೇರಿಸುವೆ, ತರಗತಿಗೆ ಹೋಗುವುದೇ ಬೇಡ" ಎನ್ನುವ ಏಜೆಂಟರ ಮಾತನ್ನು ನಂಬಿದವರ ಗತಿಯನ್ನು ನಾವು ಕಂಡಿದ್ದೇವೆ. ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ 2011ರ ಜನವರಿಯಲ್ಲಿ ದಾಳಿಯಾದಾಗ ಅಲ್ಲಿ ಹೆಸರು ಹಚ್ಚಿದವರಲ್ಲಿ ಬಹುಪಾಲು ಭಾರತೀಯರು, ಅದರಲ್ಲಿಯೂ ಆಂಧ್ರದವರು. ಕೆಲವರ ಕಾಲಿಗೆ ರೇಡಿಯೋ ಪಟ್ಟಿಯನ್ನೇ ಕಟ್ಟಲಾಯಿತು. ಮಿಶಿಗನ್‌ನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯವಂತೂ ಸರಕಾರದ ಅಧಿಕಾರಿಗಳೇ ಒಡ್ಡಿದ ಬಲೆ. 2019ರ ಆರಂಭದಲ್ಲಿ ನೂರಕ್ಕೂ ಹೆಚ್ಚು ಭಾರತೀಯ ಹುಡುಗರು ಅದರಲ್ಲಿ ಸಿಕ್ಕಿಬಿದ್ದರು. ಕಟ್ಟಿದ ಶುಲ್ಕವೂ ಹೋಯಿತು, ಭವಿಷ್ಯವೂ ಹೋಯಿತು.

ತಪ್ಪು ಯಾವಾಗಲೂ ವಿದ್ಯಾರ್ಥಿಯದೇ ಎಂದು ಮಾತ್ರ ಯಾರೂ ತಿಳಿಯಬಾರದು. 2025ರ ಮಾರ್ಚ್-ಏಪ್ರಿಲ್‌ನಲ್ಲಿ ಅಮೇರಿಕದ ಸರಕಾರ ಸಾವಿರಾರು ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಏಕಾಏಕಿ ರದ್ದುಗೊಳಿಸಿತು. ವಾಹನ ಸಂಚಾರದ ಚಿಲ್ಲರೆ ಪ್ರಕರಣಗಳುಳ್ಳವರೂ, ಖಟ್ಲೆ ವಜಾ ಆದವರೂ ಅವರಲ್ಲಿದ್ದರು. ಹಲವರು ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಧೀಶರು ಒಬ್ಬರ ಮೇಲೊಬ್ಬರು ತಡೆಯಾಜ್ಞೆ ಕೊಟ್ಟರು. ಏಪ್ರಿಲ್ 25ರಂದು ಸರಕಾರವೇ ದಾಖಲೆಗಳನ್ನು ಮರಳಿ ಜಾರಿಗೆ ತರುವುದಾಗಿ ನ್ಯಾಯಾಲಯದಲ್ಲಿ ತಿಳಿಸಬೇಕಾಯಿತು. ಅಷ್ಟರಲ್ಲಿ ಭಯದಿಂದ ಪೆಟ್ಟಿಗೆ ಕಟ್ಟಿ ಹೊರಟವರು ಹೊರಟೇ ಹೋಗಿದ್ದರು. ನೋಟೀಸು ಬಂದೊಡನೆ ವಿಮಾನ ಹತ್ತುವ ಮೊದಲು ಬಲ್ಲ ವಕೀಲರೊಬ್ಬರನ್ನು ಕಾಣಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ಚಾಳಿನ ನೆರೆಯವನ ಅಳಿಯನ ಸಲಹೆ ಇಲ್ಲಿ ಸಾಲದು.

ಮಗನ ಫೋನು ಅಪರೂಪವಾದರೆ, ಓದಿನ ಪ್ರಶ್ನೆಗೆ ಅವನು ಮಾತು ತೇಲಿಸಿದರೆ, ಗದರಿಸದೆ ವಿಚಾರಿಸಿರಿ. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ವಾರವೂ ಆ ಐದು ತಿಂಗಳಿನಿಂದಲೇ ಕಳೆಯುವುದು. "ಐ-20 ಯಾವ ತಾರೀಖಿಗೆ ಮುಗಿಯುವುದು, ಎಷ್ಟು ಪಾಠ ತೆಗೆದುಕೊಂಡಿರುವೆ, ಅಧಿಕಾರಿಯನ್ನು ಕಡೆಯ ಸಲ ಕಂಡದ್ದು ಯಾವಾಗ" ಎಂಬ ಮೂರು ಪ್ರಶ್ನೆಗಳನ್ನು ಮುಂದಿನ ಫೋನಿನಲ್ಲಿಯೇ ಕೇಳಿರಿ. ಬ್ಯಾಂಕಿನ ಕಂತಿನ ಮಾತು ಆಮೇಲಿರಲಿ.